ಪುಣೆಯ ಬಾಲ್ಕನಿಯಲ್ಲಿ ಎಲೆಕೋಸಿನ ಬೀಜ: ಇಲ್ಲದ ಚಳಿಯನ್ನು ಫ್ರಿಜ್ಜಿನಲ್ಲಿ ಕೊಡುವ ಬಗೆ

ಪುಣೆಯಲ್ಲಿ ಎಲೆಕೋಸು ಚೆನ್ನಾಗಿ ಬೆಳೆಯುತ್ತದೆ, ಆದರೆ ಬೀಜ ಕೊಡುವುದಿಲ್ಲ. ಗಡ್ಡೆ ಕಟ್ಟಿದ ಗಿಡವನ್ನು ಕೊಯ್ಯದೆ ಕುಂಡದಲ್ಲೇ ಬಿಟ್ಟರೆ ಜನವರಿಯಲ್ಲಿ ಗಟ್ಟಿಯಾಗಿಯೇ ಕೂತಿರುತ್ತದೆ. ಫೆಬ್ರವರಿಯಲ್ಲಿ ಬಿರಿಯುತ್ತದೆ. ಮಾರ್ಚಿನ ಬಿಸಿಲು ಏರುತ್ತಿದ್ದ ಹಾಗೆ ಒಳಗಿಂದ ಕೊಳೆಯುತ್ತದೆ. ಹೂ ಕಾಣುವುದೇ ಇಲ್ಲ. ಟೊಮೆಟೊ, ಬದನೆ, ಬೆಂಡೆ, ಅವರೆ ಎಲ್ಲದರ ಬೀಜವನ್ನೂ ಮನೆಯಲ್ಲೇ ಎತ್ತಿಟ್ಟುಕೊಳ್ಳುವವರು ಕೋಸಿಗೆ ಮಾತ್ರ ಪ್ರತಿ ವರ್ಷ ಅಂಗಡಿಯ ಪೊಟ್ಟಣ ತರುವುದು ಇದಕ್ಕೇ.

ಇದು ನಿಮ್ಮ ಆರೈಕೆಯ ತಪ್ಪಲ್ಲ. ಕೋಸಿನ ಮೂಲ ಯುರೋಪಿನ ಕಡಲ ದಂಡೆ. ಅದು ಎರಡು ವರ್ಷ ಬಾಳುವ ಗಿಡ. ಮೊದಲ ವರ್ಷ ಎಲೆ ಬೆಳೆಸಿ, ಆಹಾರವನ್ನೆಲ್ಲ ಗಡ್ಡೆಯಲ್ಲಿ ಕೂಡಿಡುತ್ತದೆ. ನಡುವೆ ಉದ್ದನೆಯ ಚಳಿಗಾಲ. ಅದು ಕಳೆದ ಮೇಲೆ ಎರಡನೆಯ ವರ್ಷ ಹೂ, ಕಾಯಿ, ಬೀಜ. ಸುಮಾರು 4ರಿಂದ 10 ಡಿಗ್ರಿ ಚಳಿಯಲ್ಲಿ 6ರಿಂದ 10 ವಾರ ಕಳೆದರೆ ಮಾತ್ರ ಗಡ್ಡೆಯೊಳಗಿನ ಮೊಗ್ಗು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿನ ಕಡೆ ತಿರುಗುತ್ತದೆ.

ನಮ್ಮಲ್ಲಿ ಆ ಚಳಿ ಎಲ್ಲಿದೆ? ಪುಣೆಯಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 11-12 ಡಿಗ್ರಿಗೆ ಇಳಿಯುತ್ತದೆ. ಪಾಷಾಣ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆ ಕೆಲವು ದಿನ 10ಕ್ಕಿಂತ ಕೆಳಗೂ ಹೋಗುತ್ತದೆ. ಆದರೆ ಮಧ್ಯಾಹ್ನ ಮತ್ತೆ 29-30. ರಾತ್ರಿ ಸಿಕ್ಕಿದ ಚಳಿಯ ಗುಣವನ್ನು ಹಗಲಿನ ಬಿಸಿ ಅಳಿಸಿಹಾಕುತ್ತದೆ. ಮುಂಬಯಿಯಲ್ಲಿ ಜನವರಿಯ ರಾತ್ರಿಯೂ 17ರ ಆಸುಪಾಸು. ಗೋವಾದಲ್ಲಿ 20ರ ಹತ್ತಿರ. ನಮ್ಮ ದೇಶದಲ್ಲಿ ಕೋಸಿನ ಬೀಜವನ್ನು ಹಿಮಾಚಲ, ಕಾಶ್ಮೀರದಂಥ ಬೆಟ್ಟದ ಸೀಮೆಗಳಲ್ಲಿ ಬೆಳೆಸುವುದು ಇದೇ ಕಾರಣಕ್ಕೆ. ಕುಲ್ಲು ಕಣಿವೆಯ ಕಟ್ರಾಯಿನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವೊಂದಿದೆ. ಕೋಸಿನ ತಳಿ ಮತ್ತು ಬೀಜದ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ.

ಹೊರದೇಶದ ತೋಟಗಾರಿಕೆ ಪುಸ್ತಕಗಳು ಕೋಸಿನ ಗಿಡವನ್ನು ಹಿಮದಿಂದ ಕಾಪಾಡಿ, ಹುಲ್ಲು ಹೊದಿಸಿ ಎನ್ನುತ್ತವೆ. ನಮಗೆ ಅದು ಉಪಯೋಗವಿಲ್ಲ. ನಾವು ಮಾಡಬೇಕಾದ್ದು ಅದಕ್ಕೆ ತೀರಾ ಉಲ್ಟಾ. ನೀರು, ಗೊಬ್ಬರ ಕೊಟ್ಟ ಹಾಗೆ ಚಳಿಯನ್ನೂ ನಾವೇ ಕೊಡಬೇಕು. ಅಡುಗೆಮನೆಯ ಫ್ರಿಜ್ಜು ಅದಕ್ಕೆ ಸಾಕು. ಬೇಕಾದ್ದು ಸರಿಯಾದ ಲೆಕ್ಕ, ಜೊತೆಗೆ ಅಕ್ಕಪಕ್ಕದ ಒಂದೆರಡು ಮನೆಯವರ ಸಹಕಾರ. ಸಹಕಾರ ಯಾಕೆ ಅಂತ ಹೂವಿನ ಭಾಗಕ್ಕೆ ಬಂದಾಗ ಹೇಳುತ್ತೇನೆ.

ಮೊದಲು ಕಾಲದ ಲೆಕ್ಕ

ಸಾಮಾನ್ಯವಾಗಿ ನಾವು ಕೋಸನ್ನು ಗಣಪತಿ ಹಬ್ಬ ಮುಗಿದ ಮೇಲೆ ಬಿತ್ತುತ್ತೇವೆ, ಸಂಕ್ರಾಂತಿ ಹೊತ್ತಿಗೆ ಕೊಯ್ಯುತ್ತೇವೆ. ತಿನ್ನಲು ಅದು ಸರಿ. ಬೀಜಕ್ಕೆ ಸರಿಯಲ್ಲ. ಜನವರಿಯಲ್ಲಿ ಕಿತ್ತು ಫ್ರಿಜ್ಜಿಗೆ ಇಟ್ಟರೆ ಹೊರಗೆ ಬರುವುದು ಮಾರ್ಚಿನಲ್ಲಿ. ಆಗ ಪುಣೆಯ ಮಧ್ಯಾಹ್ನ 35 ಡಿಗ್ರಿ ಮುಟ್ಟಿರುತ್ತದೆ. ಹೂ ಬಂದರೂ ಕಾಯಿ ಕಟ್ಟುವುದಿಲ್ಲ.

ಹಾಗಾಗಿ ಬೀಜದ ಕೋಸನ್ನು ಮಳೆಗಾಲದಲ್ಲೇ ಶುರು ಮಾಡಬೇಕು. ಕಾರ ಹುಣ್ಣಿಮೆಯ ಆಸುಪಾಸು, ಅಂದರೆ ಜೂನ್ ಮಧ್ಯದಿಂದ ಕೊನೆಯೊಳಗೆ ಬಿತ್ತನೆ. 4-5 ವಾರದಲ್ಲಿ ಸಸಿ ಸಿದ್ಧ, ನಾಗರಪಂಚಮಿಗೆ ಮುಂಚೆ ನಾಟಿ. ಮಹಾನವಮಿ ಹೊತ್ತಿಗೆ ಗಡ್ಡೆ. ಅಕ್ಟೋಬರ್ ಮೊದಲ ಎರಡು ವಾರದೊಳಗೆ ಗಿಡ ಫ್ರಿಜ್ಜಿನಲ್ಲಿರಬೇಕು. ಚಂಪಾಷಷ್ಠಿಯ ಸುಮಾರಿಗೆ, ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ, ಮತ್ತೆ ಕುಂಡಕ್ಕೆ. ಸಂಕ್ರಾಂತಿ ಕಳೆದ ಮೇಲೆ ಹೂ. ಯುಗಾದಿಯ ಹಿಂದೆಮುಂದೆ ಬೀಜ. ನಮ್ಮ ವರ್ಷದ ಅತಿ ತಂಪಾದ ದಿನಗಳು ಗಿಡದ ಹೂದಂಟು ಏಳುವ ದಿನಗಳಾಗಬೇಕು. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಒಂದೆರಡು ವಾರ ಆಚೀಚೆ ಆದರೆ ಪರವಾಗಿಲ್ಲ, ಒಂದು ತಿಂಗಳು ತಡವಾದರೆ ಆ ವರ್ಷ ಬಿಟ್ಟು ಮುಂದಿನ ವರ್ಷ ನೋಡಿ.

ಯಾವ ಬೀಜದಿಂದ ಶುರು ಮಾಡಬೇಕು

ಪೊಟ್ಟಣದ ಮೇಲೆ ಎಫ್1 ಅಥವಾ ಹೈಬ್ರಿಡ್ (ಎರಡು ತಳಿ ಬೆರೆಸಿ ಮಾಡಿದ್ದು) ಎಂದಿದ್ದರೆ ಅದು ಬೇಡ. ಹೈಬ್ರಿಡ್ ಕೋಸಿನಿಂದ ಎತ್ತಿದ ಬೀಜ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಕೆಲವು ಹೈಬ್ರಿಡ್‌ಗಳ ಹೂವಿನಲ್ಲಿ ಪರಾಗವೇ ಇರುವುದಿಲ್ಲ. ಅಷ್ಟು ತಿಂಗಳು ಕಾದು ಕೊನೆಗೆ ಪರಾಗವಿಲ್ಲದ ಹೂ ನೋಡುವುದು ಬಹಳ ಬೇಸರದ ಸಂಗತಿ. ಹಡಪಸರ, ಉರುಳಿ ಕಾಂಚನ್ ಕಡೆಯ ನರ್ಸರಿಗಳಲ್ಲಿ ಸಿಗುವ ಟ್ರೇ ಸಸಿಗಳು ಸಾಮಾನ್ಯವಾಗಿ ಹೈಬ್ರಿಡ್ಡೇ. ಮಂಡಈ ತರಕಾರಿ ಮಾರುಕಟ್ಟೆಯಲ್ಲಿ ಕೊಂಡ ಕೋಸಿನ ಬುಡ ನೆಟ್ಟು ನೋಡುವ ಆಸೆಯೂ ಬೇಡ, ಅದೂ ಬಹುಮಟ್ಟಿಗೆ ಹೈಬ್ರಿಡ್.

ಗೋಲ್ಡನ್ ಏಕರ್ ಎಂಬ ಹಳೆಯ ತಳಿ ಹುಡುಕಿ. ಗಡ್ಡೆ ಚಿಕ್ಕದು, ದುಂಡಗೆ, ಒಂದು ಕಿಲೋದ ಒಳಗೆ ಹೊರಗೆ. ನಾಟಿಯಾಗಿ 60-65 ದಿನಕ್ಕೆ ಕಟ್ಟುತ್ತದೆ. ಫ್ರಿಜ್ಜಿನಲ್ಲಿ ಹಿಡಿಸುವ ಕೋಸು ಇದು. ಪ್ರೈಡ್ ಆಫ್ ಇಂಡಿಯಾ ಕೂಡ ಆಗಬಹುದು. ಪೂಸಾ ಡ್ರಮ್‌ಹೆಡ್ ರುಚಿಯಾದ ತಳಿ, ಆದರೆ ಗಡ್ಡೆ ದೊಡ್ಡದು, ಚಪ್ಪಟೆ, ತಡ. ಬಾಲ್ಕನಿಗೆ ನಾನು ಸಲಹೆ ಮಾಡುವುದಿಲ್ಲ.

ಬೆಳೆಸುವುದು

ಈ ಭಾಗ ನಿಮಗೆ ಗೊತ್ತಿರುವುದೇ, ಆದ್ದರಿಂದ ಬೇಗ ಮುಗಿಸುತ್ತೇನೆ. ಒಂದು ಗಿಡಕ್ಕೆ ಒಂದು ಕುಂಡ, 14ರಿಂದ 16 ಇಂಚು ಅಗಲ. ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಸೇರಿಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ. ಅದನ್ನು ಬಳಸುವವರು ನಾಟಿಗೆ ಎರಡು ವಾರ ಮೊದಲೇ ಸ್ವಲ್ಪ ಸುಣ್ಣದ ಪುಡಿ ಬೆರೆಸಿಡಿ. ಜೂನ್-ಜುಲೈ ಮಳೆ ನೇರವಾಗಿ ಸಸಿಗೆ ಹೊಡೆಯಬಾರದು. ಮೇಲೆ ಪ್ಲಾಸ್ಟಿಕ್ ಹಾಳೆಯ ಮಾಡು ಬೇಕು, ಬದಿಯಿಂದ ಗಾಳಿ ಆಡಬೇಕು.

ಕನಿಷ್ಠ 12 ಗಿಡ ನೆಡಿ. ನಿಮ್ಮಲ್ಲಿ 4, ಕೆಳಗಿನ ಮನೆಯವರಲ್ಲಿ 4, ಎದುರು ಬಿಲ್ಡಿಂಗಿನಲ್ಲಿ 4 ಆದರೂ ಆಗುತ್ತದೆ. ಬೀಜ ಮಾತ್ರ ಒಂದೇ ಪೊಟ್ಟಣದ್ದಿರಲಿ. ಪುಣೆಯಲ್ಲಿ ವಾಕಡ, ಪಿಂಪಳೆ ಸೌದಾಗರ್ ಕಡೆಯ ಸೊಸೈಟಿಗಳಲ್ಲಿ ನಮ್ಮ ಕನ್ನಡದ ಜನ ಬೇಕಾದಷ್ಟಿದ್ದಾರೆ. ರಾಜ್ಯೋತ್ಸವದ ಊಟಕ್ಕೆ ಸೇರುವ ಅದೇ ಗುಂಪಿನಲ್ಲಿ ಮೂರು ಮನೆ ಸಿಗುವುದು ಕಷ್ಟವಲ್ಲ.

ಹುಳದ ಮಾತು ಹೇಳಲೇಬೇಕು. ಮಳೆಗಾಲದ ಕೋಸಿಗೆ ಡೈಮಂಡ್ ಬ್ಯಾಕ್ ಪತಂಗದ ಸಣ್ಣ ಹಸಿರು ಹುಳುಗಳು ಎಲೆಯನ್ನು ಜರಡಿ ಮಾಡಿಬಿಡುತ್ತವೆ. ದಿನಕ್ಕೊಮ್ಮೆ ಎಲೆಯ ಅಡಿಭಾಗ ನೋಡಿ, ಕೈಯಲ್ಲೇ ತೆಗೆಯಿರಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕರಗಲು ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ, ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಪಕ್ಕದಲ್ಲಿ ಒಂದು ಪಾಟಿನಲ್ಲಿ ಸಾಸಿವೆ ಚೆಲ್ಲಿದರೆ ಪತಂಗಗಳು ಅಲ್ಲಿಗೂ ಹೋಗಿ ಮೊಟ್ಟೆ ಇಡುತ್ತವೆ. ಹುಳು ತುಂಬಿದ ಸಾಸಿವೆಯನ್ನು ಹಾಗೇ ಬಿಡದೆ ಕಿತ್ತು ಹಾಕಿ. ಕೋಸಿನ ಹೊಲಗಳಲ್ಲಿ ರೈತರು ಮಾಡುವ ಉಪಾಯ ಇದು.

ಗಿಡ ಆರಿಸುವುದು

ಬೀಜದ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ದಿನ. 12 ಗಿಡದಲ್ಲಿ ಚೆನ್ನಾಗಿರುವ 6-8 ಉಳಿಸಿಕೊಳ್ಳಿ. ಗಡ್ಡೆ ಒತ್ತಿದರೆ ಗಟ್ಟಿಯಾಗಿರಬೇಕು. ಆಕಾರ ತಳಿಗೆ ತಕ್ಕಂತಿರಬೇಕು. ಹೊರಎಲೆ ಆರೋಗ್ಯವಾಗಿರಬೇಕು. ತಾನೇ ಬೇಗ ಬಿರಿದದ್ದು, ಸಡಿಲವಾದದ್ದು, ಬಹಳ ತಡವಾಗಿ ಕಟ್ಟಿದ್ದು ಎಲ್ಲ ಪಲ್ಯಕ್ಕೆ ಹೋಗಲಿ.

ಒಂದು ಗುರುತನ್ನು ಮಾತ್ರ ಕಣ್ಣಿಟ್ಟು ನೋಡಿ. ಎಲೆಯ ಅಂಚಿನಿಂದ ಒಳಗೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಹಳದಿ ಕಲೆ ಬಂದು, ಅದರೊಳಗಿನ ನರಗಳು ಕಪ್ಪಾಗಿದ್ದರೆ ಅದು ಕಪ್ಪು ಕೊಳೆ ರೋಗ. ಬ್ಯಾಕ್ಟೀರಿಯಾದಿಂದ ಬರುತ್ತದೆ, ಬೀಜದ ಮೂಲಕ ಮುಂದಿನ ಬೆಳೆಗೂ ದಾಟುತ್ತದೆ. ಅಂಥ ಗಿಡದ ಬೀಜ ಎಷ್ಟೇ ಆಸೆಯಿದ್ದರೂ ಎತ್ತಬೇಡಿ. ಗಡ್ಡೆ ಎಷ್ಟು ಚಂದವಿದ್ದರೂ ಅಷ್ಟೇ.

ಇನ್ನೊಂದು ಪರೀಕ್ಷೆ ದಂಟಿನ ದಪ್ಪ. ಬುಡದ ದಂಟು ಪೆನ್ಸಿಲ್ಲಿಗಿಂತ ದಪ್ಪ ಇರಲೇಬೇಕು. ಎಳೆಗಿಡಕ್ಕೆ ಎಷ್ಟು ಚಳಿ ತಾಗಿದರೂ ಅದು ಹೂವಿನ ಕಡೆ ತಿರುಗುವುದಿಲ್ಲ. ಗಡ್ಡೆ ಕಟ್ಟಿದ ಗಿಡದ ದಂಟು ಹೇಗೂ ದಪ್ಪವಿರುತ್ತದೆ. ಜಾಗ ಉಳಿಸಲು ಸಸಿಯನ್ನೇ ಫ್ರಿಜ್ಜಿಗೆ ಹಾಕೋಣ ಅಂದುಕೊಳ್ಳುವವರಿಗೆ ಈ ಮಾತು.

ಫ್ರಿಜ್ಜಿನ ಎಂಟು ವಾರ

ಕೀಳುವ ಹಿಂದಿನ ಎರಡು ದಿನ ನೀರು ಕಡಿಮೆ ಮಾಡಿ. ಬೇರಿನ ಜೊತೆ ಒಂದು ಮುಷ್ಟಿ ಮಣ್ಣು ಉಳಿಯುವ ಹಾಗೆ ಗಿಡ ಎತ್ತಿ, ಉಳಿದ ಮಣ್ಣು ಕೊಡವಿ. ತೀರಾ ಉದ್ದದ ಬೇರು ಕತ್ತರಿಸಿ. ಅಗಲಿಸಿಕೊಂಡ ಹೊರಎಲೆಗಳನ್ನೆಲ್ಲ ತೆಗೆಯಿರಿ.

ಈಗ ಗಡ್ಡೆ. ಇಡೀ ಗಡ್ಡೆ ಇಟ್ಟರೆ ಒಳ್ಳೆಯದೇ, ಆದರೆ ಯಾರ ಮನೆಯ ಫ್ರಿಜ್ಜಿನಲ್ಲಿ ಅಷ್ಟು ಜಾಗ ಇರುತ್ತದೆ ಹೇಳಿ? ಅದೂ ನಡುವೆ ದೀಪಾವಳಿ ಬೇರೆ. ಬೀಜದ ಬೆಳೆಗಾರರಲ್ಲಿ ಒಂದು ಹಳೆಯ ಪದ್ಧತಿಯಿದೆ. ಗಡ್ಡೆಯ ನಡುವೆ ಬಿಳಿ ದಿಂಡು ಇರುತ್ತದಲ್ಲ, ಅದರ ತುದಿಯಲ್ಲೇ ಹೂವಿನ ಮೊಗ್ಗು ಇರುವುದು. ಆ ದಿಂಡನ್ನೂ ಅದರ ಸುತ್ತ ಎರಡು ಬೆರಳಿನಷ್ಟು ಎಲೆಯನ್ನೂ ಉಳಿಸಿ, ಚೂಪಾದ ಚಾಕುವಿನಿಂದ ಸುತ್ತಲೂ ಓರೆಯಾಗಿ ಮೇಲ್ಮುಖವಾಗಿ ಕೊಯ್ದು ಉಳಿದ ಭಾಗ ತೆಗೆದುಬಿಡಿ. ಬುಡ ಅಗಲ, ತುದಿ ಕಿರಿದಾದ ಗೋಪುರದ ಆಕಾರ ಉಳಿಯುತ್ತದೆ. ತೆಗೆದ ಎಲೆ ಎರಡು ಹೊತ್ತಿನ ಪಲ್ಯಕ್ಕಾಗುತ್ತದೆ. ಗಿಡವೂ ಫ್ರಿಜ್ಜಿನ ಒಂದು ಮೂಲೆಯಲ್ಲಿ ಕೂರುತ್ತದೆ. ನಗರದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತುದಿಯ ಮೊಗ್ಗಿಗೆ ಚಾಕು ತಾಗಬಾರದು, ಅಷ್ಟೇ. ಆ ತುದಿ ಗಡ್ಡೆಯ ನಡುಮಟ್ಟದವರೆಗೂ ಮೇಲೆ ಬಂದಿರಬಹುದು. ಅಂದಾಜಿಗೆ ಪಲ್ಯದ ಕೋಸೊಂದನ್ನು ಮೊದಲು ಉದ್ದಕ್ಕೆ ಸೀಳಿ ನೋಡಿ.

ಕೊಯ್ದ ಗಾಯ ಒಣಗಲು ಒಂದು ದಿನ ನೆರಳಲ್ಲಿಡಿ. ಗಾಯಕ್ಕೆ ಬೂದಿ ಸವರಿ. ಬೇರಿಗೆ ಹಿಂಡಿ ತೆಗೆದ ಒದ್ದೆ ಕೋಕೋಪಿಟ್ ಮೆತ್ತಿ, ಬೇರಿನ ಭಾಗವನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮೇಲ್ಭಾಗಕ್ಕೆ ಹಳೆಯ ಪೇಪರ್ ಸಡಿಲವಾಗಿ ಸುತ್ತಿ. ಗಾಳಿ ಆಡದ ಹಾಗೆ ಪೂರ್ತಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಎರಡನೆಯ ವಾರಕ್ಕೆ ಲೋಳೆಯಾಗುತ್ತದೆ. ಪ್ರತಿ ಗಿಡಕ್ಕೂ ಒಂದು ಚೀಟಿ ಕಟ್ಟಿ. ತಳಿ, ಇಟ್ಟ ದಿನ, ಯಾರ ಮನೆಯದು ಅಂತ ಬರೆಯಿರಿ.

ಒಂದು ಸಣ್ಣ ಥರ್ಮಾಮೀಟರ್ ಒಳಗೆ ಇಟ್ಟು ಜಾಗ ಆರಿಸಿ. 4ರಿಂದ 6 ಡಿಗ್ರಿ ಇರುವ ಕಡೆ ಇಡಿ. ಹಿಂಭಾಗದ ಗೋಡೆಗೆ ತಾಗಿಸಬೇಡಿ, ಅಲ್ಲಿ ಹೆಪ್ಪುಗಟ್ಟುತ್ತದೆ. ತರಕಾರಿ ಡಬ್ಬ ಕೆಲವು ಫ್ರಿಜ್ಜುಗಳಲ್ಲಿ 8ರ ಮೇಲೆ ಇರುತ್ತದೆ, ನೋಡಿಕೊಳ್ಳಿ. ಮುಖ್ಯವಾಗಿ, ಸೇಬು ಮತ್ತು ಮಾಗಿದ ಹಣ್ಣುಗಳನ್ನು ಹತ್ತಿರ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಕೋಸಿನ ಎಲೆ ಹಳದಿಯಾಗಿ ಕಳಚಿ ಬೀಳುತ್ತದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರಬೇಕು. ಕೆಲಸಕ್ಕೆ ಬರುವ ಮಾವಶಿಗೂ ಮೊದಲೇ ಹೇಳಿಡಿ. ಇಲ್ಲದಿದ್ದರೆ ಬೇರು ಸಮೇತ ಇರುವ ಕೋಸನ್ನು ನೋಡಿ ಯಾರಾದರೂ ಹಾಳಾಗಿದೆ ಅಂತ ಎಸೆದುಬಿಡುತ್ತಾರೆ.

ವಾರಕ್ಕೊಮ್ಮೆ ತೆರೆದು ನೋಡಿ. ಕೊಳೆತ ಎಲೆ ತೆಗೆಯಿರಿ. ಪೇಪರ್ ಒದ್ದೆಯಾಗಿದ್ದರೆ ಬದಲಿಸಿ. ಕೋಕೋಪಿಟ್ ಒಣಗಿದ್ದರೆ ಎರಡು ಚಮಚ ನೀರು. ಕರೆಂಟು ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ. 8 ವಾರ ಪೂರ್ತಿ ಆಗಲಿ. ಕೊಳೆಯದೆ ಚೆನ್ನಾಗಿದ್ದರೆ 9 ಆದರೂ ಒಳ್ಳೆಯದೇ. 5 ವಾರಕ್ಕೆ ಆತುರಪಟ್ಟು ತೆಗೆಯುವುದು ಮಾತ್ರ ಬೇಡ. ಅರೆಬರೆ ಚಳಿ ಕಂಡ ಗಿಡ ಮತ್ತೆ ಎಲೆ ಬಿಡುತ್ತಾ ಕೂರುತ್ತದೆ. ಒಂದೆರಡು ಗಿಡ ಕೊಳೆತು ಹೋಗುವುದು ಸಹಜ. 6-8 ಇಡಿ ಅಂದದ್ದು ಅದಕ್ಕೂ ಸೇರಿಯೇ.

ಮತ್ತೆ ಕುಂಡಕ್ಕೆ

ಫ್ರಿಜ್ಜಿನಿಂದ ತೆಗೆದ ಗಿಡವನ್ನು ನೇರ ಬಿಸಿಲಿಗೆ ತಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಚಳಿಯಿಂದ ಆದ ಬದಲಾವಣೆ ಮೊದಲ ಕೆಲವು ದಿನ ಇನ್ನೂ ಗಟ್ಟಿಯಾಗಿರುವುದಿಲ್ಲ. ಜಾಸ್ತಿ ಬಿಸಿ ತಾಗಿದರೆ ಗಿಡ ಹೂ ಬಿಡುವ ದಾರಿಯಿಂದ ಹಿಂದಕ್ಕೆ ಹೋಗಬಹುದು. ಸಂಜೆ ಹೊತ್ತು ನೆಡಿ. ದಂಟನ್ನು ಎಲೆಯ ಬುಡದವರೆಗೂ ಮಣ್ಣಿನಲ್ಲಿ ಹೂತುಬಿಡಿ. ಒಂದು ವಾರ ಪೂರ್ತಿ ನೆರಳು, ರಾತ್ರಿ ಬಯಲಿನ ಚಳಿಗೆ. ಆಮೇಲೆ ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಪೂರ್ವದ ಬಾಲ್ಕನಿ ಇದಕ್ಕೆ ಸರಿಯಾದ ಜಾಗ. ಟೆರೇಸ್ ಆದರೆ 50 ಶೇಕಡಾ ನೆರಳಿನ ಹಸಿರು ಬಲೆ ಕಟ್ಟಿ.

ಇಡೀ ಗಡ್ಡೆ ಉಳಿಸಿದವರು ಅದರ ನೆತ್ತಿಯ ಮೇಲೆ ಕೂಡಿಸುವ ಗುರುತಿನ ಹಾಗೆ ಅಡ್ಡ ಉದ್ದ ಎರಡು ಗೀರು ಹಾಕಬೇಕು. ಒಂದು ಇಂಚು ಆಳ ಸಾಕು. ಇಲ್ಲದಿದ್ದರೆ ಹೂದಂಟಿಗೆ ಹೊರಬರಲು ದಾರಿಯಾಗದೆ ಒಳಗೇ ಸುತ್ತಿಕೊಂಡು ಕೊಳೆಯುತ್ತದೆ. ಗೋಪುರ ಕೊಯ್ದವರಿಗೆ ಈ ಕೆಲಸವಿಲ್ಲ.

ನೀರು ಬುಡಕ್ಕೆ ಮಾತ್ರ, ನೆತ್ತಿಗೆ ಬೇಡ. ಹೂದಂಟು ಮೂಡಿದ ಮೇಲೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಕಟ್ಟಿಗೆ ಬೂದಿ ಕೊಡಿ. ಕೋಸಿನ ಜಾತಿಗೆ ಬೋರಾನ್ ಎಂಬ ಪೋಷಕಾಂಶ ಬೇಕು, ಅದು ಬೊರಾಕ್ಸ್‌ನಲ್ಲಿದೆ. ಲೀಟರ್ ನೀರಿಗೆ 1 ಗ್ರಾಂ ಬೊರಾಕ್ಸ್ ಕರಗಿಸಿ ಮೊಗ್ಗು ಕಾಣುವ ಮುಂಚೆ ಒಂದೇ ಸಲ ಸಿಂಪಡಿಸಿ. ಹೆಚ್ಚಾದರೆ ಅದೇ ವಿಷ. ದಂಟು ಎದೆಯೆತ್ತರಕ್ಕೆ ಬೆಳೆಯುತ್ತದೆ, ಕೊಂಬೆಗಳು ಗಾಳಿಗೆ ಬುಡದಿಂದಲೇ ಮುರಿಯುತ್ತವೆ. ಮೊಳ ಎತ್ತರ ಆದಾಗಲೇ ಮೂರು ಬಿದಿರು ಕಡ್ಡಿ ಊರಿ ಸುತ್ತ ಹಗ್ಗ ಕಟ್ಟಿ.

ಹೂವಿನ ದಿನಗಳು

ನಾಲ್ಕು ದಳದ ತಿಳಿ ಹಳದಿ ಹೂ, ಸಾಸಿವೆ ಹೂವಿಗಿಂತ ದೊಡ್ಡದು. ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಮೂರು-ನಾಲ್ಕು ವಾರ ನಡೆಯುತ್ತದೆ. ಇದನ್ನು ನೋಡಿದ ನೆರೆಯವರಿಗೆ ಇದು ಕೋಸಿನ ಗಿಡ ಎಂದು ನಂಬಿಸುವುದೇ ಕಷ್ಟ.

ಒಂದೇ ಗಿಡವಿದ್ದರೆ ಹೂವೆಲ್ಲ ಉದುರಿ ಕಾಯಿ ಖಾಲಿ ಉಳಿಯುತ್ತದೆ. ಕೋಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇವೆ. ಆದರೂ ಅದು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಅರಳಿದ ಹೂವಿನ ಶಲಾಕೆಯ (ನಡುವಿನ ಹೆಣ್ಣು ಭಾಗದ ಕಡ್ಡಿ) ತುದಿ ತನ್ನ ಗಿಡದ ಪರಾಗವನ್ನು ಗುರುತಿಸಿ ಮೊಳೆಯದಂತೆ ತಡೆಯುತ್ತದೆ. ಹತ್ತಿರದ ಸಂಬಂಧದ ಕೆಲವು ಗಿಡಗಳ ನಡುವೆಯೂ ಇದೇ ತಡೆ ಇರಬಹುದು. ಹಾಗಾಗಿ ಒಟ್ಟಿಗೆ ಹೂ ಬಿಡುವ ಗಿಡ ಕನಿಷ್ಠ 5-6 ಬೇಕು. ಮೂರು ಮನೆ ಸೇರಿ ಅಂದದ್ದು ಇದಕ್ಕೆ. ಇನ್ನೊಂದು ಕಾರಣವೂ ಇದೆ. ಎರಡೇ ಗಿಡದ ಬೀಜವನ್ನು ಪ್ರತಿ ಸಲ ಎತ್ತುತ್ತಾ ಹೋದರೆ ಕೆಲವು ತಲೆಮಾರಿನಲ್ಲಿ ಗಿಡ ಸೊರಗುತ್ತದೆ, ಗಡ್ಡೆ ಚಿಕ್ಕದಾಗುತ್ತದೆ. ಕೋಸಿನ ಬೀಜ ಒಂಟಿ ಮನೆಯ ಕೆಲಸ ಅಲ್ಲವೇ ಅಲ್ಲ. ಹೂ ಬರುವ ಹೊತ್ತಿಗೆ ಮೂರೂ ಮನೆಯ ಕುಂಡಗಳನ್ನು ಒಂದೇ ಟೆರೇಸಿಗೆ ತಂದು ಪಕ್ಕಪಕ್ಕ ಇಡಿ.

ಜೇನು ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಪುಣೆಯಲ್ಲಿ ತುಡುವೆ, ಕೋಲ್ಜೇನು, ಮುಜಂಟಿ ಮೂರೂ ಇವೆ. 1962ರಲ್ಲಿ ಶುರುವಾದ ಕೇಂದ್ರ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇರುವುದೂ ಇದೇ ಊರಿನಲ್ಲಿ. ಜೇನು ಸಾಕಣೆ ಕಲಿಯುವ ಆಸೆಯುಳ್ಳವರು ಅಲ್ಲಿ ವಿಚಾರಿಸಬಹುದು. ಹತ್ತನೆಯ ಮಹಡಿಯ ಬಾಲ್ಕನಿಗೆ ಜೇನು ಬರದಿದ್ದರೆ ಕೈಯಲ್ಲೇ ಮಾಡಿ. ಬೆಳಿಗ್ಗೆ 8ರಿಂದ 10ರೊಳಗೆ, ಮಕ್ಕಳ ಬಣ್ಣದ ಮೆತ್ತನೆ ಬ್ರಷ್ ತೆಗೆದುಕೊಳ್ಳಿ. ಒಂದು ಗಿಡದ ಹೂ ಸವರಿ, ಇನ್ನೊಂದು ಗಿಡದ ಹೂವಿಗೆ ಮುಟ್ಟಿಸಿ. ಎಲ್ಲ ಗಿಡಗಳಿಗೂ ಸುತ್ತು ಹಾಕಿ. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು.

ಒಂದೇ ಗಿಡ ಉಳಿದಿದ್ದರೂ ಆಸೆ ಬಿಡಬೇಡಿ. ಎರಡು-ಮೂರು ದಿನದಲ್ಲಿ ಅರಳಲಿರುವ ಮೊಗ್ಗಿನಲ್ಲಿ ಆ ತಡೆ ಇನ್ನೂ ಹುಟ್ಟಿರುವುದಿಲ್ಲ. ಸೂಜಿಯಿಂದ ಮೊಗ್ಗಿನ ತುದಿ ನಿಧಾನವಾಗಿ ಬಿಡಿಸಿ, ಅದೇ ಗಿಡದ ಅರಳಿದ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಿ. ಕಾಯಿ ಕಟ್ಟುತ್ತದೆ. ತಳಿ ಬೆಳೆಸುವ ವಿಜ್ಞಾನಿಗಳು ಬಳಸುವ ದಾರಿ ಇದು. ತಾಳ್ಮೆ ಬಹಳ ಬೇಕು, ಆದರೆ ಕೈಯಳತೆಯ ಕೆಲಸವೇ. ಈ ಬೀಜವನ್ನು ಮುಂದಿನ ಸಲ ಬೇರೆಯವರ ಬೀಜದ ಜೊತೆ ಬೆರೆಸಿ ಬಿತ್ತಿ.

ಬೆರಕೆಯ ಭಯ ಎಷ್ಟು? ಹೂಕೋಸು, ಬ್ರೊಕೊಲಿ, ನವಿಲುಕೋಸು, ಕೇಲ್ ಎಲ್ಲವೂ ಎಲೆಕೋಸಿನ ಒಂದೇ ಜಾತಿ. ಇವುಗಳ ಹೂ ಹತ್ತಿರವಿದ್ದರೆ ಜೇನು ಬೆರಕೆ ಮಾಡಿಬಿಡುತ್ತದೆ. ಪ್ರಮಾಣಿತ ಬೀಜದ ಹೊಲಗಳಿಗೆ ಸರ್ಕಾರದ ನಿಯಮ 1000 ಮೀಟರ್ ಅಂತರ ಕೇಳುತ್ತದೆ. ನಗರದಲ್ಲಿ ಇವನ್ನು ಹೂ ಬಿಡುವವರೆಗೂ ಉಳಿಸುವವರು ಕಡಿಮೆ. ಆದರೆ ಬ್ರೊಕೊಲಿ ನಮ್ಮ ಚಳಿಗೇ ಹೂ ಬಿಡುತ್ತದೆ. ಸೊಸೈಟಿಯಲ್ಲಿ ಯಾರಾದರೂ ಬೆಳೆಸಿದ್ದರೆ ಹೂವಿಗೆ ಬಿಡಬೇಡಿ ಎಂದು ಕೇಳಿಕೊಳ್ಳಿ. ಆಗದಿದ್ದರೆ ನಿಮ್ಮ ಗಿಡಗಳಿಗೆ ಸೊಳ್ಳೆ ಪರದೆ ಕಟ್ಟಿ, ಒಳಗೆ ಬ್ರಷ್ಷಿನಿಂದಲೇ ಕೆಲಸ ಮಾಡಿ. ಸಾಸಿವೆ, ಮೂಲಂಗಿ ಹೂವಿನಿಂದ ಮನೆತೋಟದಲ್ಲಿ ತೊಂದರೆಯಿಲ್ಲ.

ಈ ಹೊತ್ತಿನ ಶತ್ರು ಗಿಡಹೇನು. ಹೂದಂಟಿನ ತುದಿಗೆ ಬೂದಿ ಬಣ್ಣದ ಹಿಟ್ಟಿನಂತೆ ಮೆತ್ತಿಕೊಂಡು ರಸ ಹೀರುತ್ತವೆ. ರಭಸದ ನೀರಿನಿಂದ ತೊಳೆಯಿರಿ, ಹೆಚ್ಚಾದ ತುದಿಗಳನ್ನು ಚಿವುಟಿ ಹಾಕಿ. ಬೇವಿನೆಣ್ಣೆ ಬೇಕಾದರೆ ಜೇನು ಗೂಡು ಸೇರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಸಿಂಪಡಿಸಿ. ಬಿಸಿಲು 30 ದಾಟಿದ ಹಾಗೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಫೆಬ್ರವರಿ ಕೊನೆಯ ನಂತರ ಅರಳುವ ತುದಿಯ ಹೂಗಳನ್ನು ಕತ್ತರಿಸಿಬಿಟ್ಟರೆ ಗಿಡದ ಬಲ ಇರುವ ಕಾಯಿಗಳಿಗೇ ಹೋಗುತ್ತದೆ.

ಕಾಯಿಂದ ಡಬ್ಬಿಗೆ

ಕಾಯಿ ಸಣ್ಣ ಕೋಲಿನಂತೆ ಬೆರಳುದ್ದ ಇರುತ್ತದೆ. ಹಸಿರಿರುವಾಗ ಗಿಳಿ, ಗುಬ್ಬಿಗಳ ಕಣ್ಣು ಬೀಳುತ್ತದೆ, ಬಲೆ ಹಾಕಿ. ಕೆಳಗಿನ ಕಾಯಿಗಳು ಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಒಂದನ್ನು ಬಿಡಿಸಿ ನೋಡಿ. ಬೀಜ ಕಂದು ಬಣ್ಣಕ್ಕೆ ಬಂದಿದ್ದರೆ ಕೊಂಬೆ ಕೊಯ್ಯುವ ಕಾಲ. ಎಲ್ಲವೂ ಒಣಗಲಿ ಅಂತ ಕಾದರೆ ಕೆಳಗಿನವು ಸಿಡಿದು ಬೀಜ ಚೆಲ್ಲಿಹೋಗುತ್ತದೆ. ಏಪ್ರಿಲ್‌ನಲ್ಲಿ ಪುಣೆಗೆ ಗುಡುಗಿನ ಅಕಾಲ ಮಳೆಯೂ ಬರುತ್ತದೆ. ಒಂದು ಸಲ ನೆನೆದ ಕಾಯಿ ಬೂಸ್ಟು ಹಿಡಿಯುತ್ತದೆ. ಮೋಡ ಕಂಡರೆ ಎರಡು ದಿನ ಮುಂಚೆಯೇ ಕೊಯ್ದರೂ ನಷ್ಟವಿಲ್ಲ.

ಬೆಳಗಿನ ಇಬ್ಬನಿ ಇರುವಾಗ ಕೊಯ್ಯಿರಿ, ಆಗ ಕಾಯಿ ಸಿಡಿಯುವುದಿಲ್ಲ. ಕೊಂಬೆಗಳನ್ನು ಹಳೆಯ ದಿಂಬಿನ ಚೀಲದಲ್ಲಿ ತಲೆಕೆಳಗಾಗಿ ಹಾಕಿ, ಗಾಳಿಯಾಡುವ ನೆರಳಲ್ಲಿ ಒಂದೆರಡು ವಾರ ತೂಗುಹಾಕಿ. ಆಮೇಲೆ ಚೀಲವನ್ನೇ ಕೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ. ಒಂದು ಗ್ರಾಂಗೆ ಸುಮಾರು 250ರಿಂದ 300 ಬೀಜ ಬರುತ್ತದೆ. ಕುಂಡದ ಗಿಡ ಹೊಲದ ಗಿಡದಷ್ಟು ಕೊಡುವುದಿಲ್ಲ. ಆದರೆ ಒಂದೆರಡು ಗ್ರಾಂ ಸಿಕ್ಕಿದರೂ ಮೂರು ಮನೆಗೆ ಹಲವು ವರ್ಷ ಸಾಕು. ಎಲ್ಲ ಗಿಡದಿಂದಲೂ ಸಮನಾಗಿ ತೆಗೆದು ಬೆರೆಸಿ ಹಂಚಿಕೊಳ್ಳಿ.

ಒಣಗಿಸುವುದರಲ್ಲಿ ಸೋಮಾರಿತನ ಬೇಡ. ನೆರಳಲ್ಲಿ ತೆಳುವಾಗಿ ಹರಡಿ. ಉಗುರಿನಿಂದ ಒತ್ತಿದಾಗ ಬೀಜ ಚಪ್ಪಟೆಯಾಗದೆ ಟಕ್ಕನೆ ಒಡೆಯಬೇಕು. ಗಾಜಿನ ಸಣ್ಣ ಸೀಸೆಯಲ್ಲಿ, ಬೀಜದಷ್ಟೇ ತೂಕದ, ತೇವ ಹೀರುವ ಸಿಲಿಕಾ ಜೆಲ್ ಬಟ್ಟೆಗಂಟಿನಲ್ಲಿ ಕಟ್ಟಿ ಒಂದು ವಾರ ಜೊತೆಗಿಡಿ. ಸಿಲಿಕಾ ಇಲ್ಲದಿದ್ದರೆ ಬೆಚ್ಚಗೆ ಹುರಿದು ಪೂರ್ತಿ ಆರಿಸಿದ ಅಕ್ಕಿಯೂ ನಡೆಯುತ್ತದೆ. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ. ಹೀಗಿಟ್ಟ ಬೀಜ 4-5 ವರ್ಷ ಮೊಳೆಯುತ್ತದೆ. ತೆಗೆಯುವಾಗ ಸೀಸೆ ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ, ಇಲ್ಲದಿದ್ದರೆ ಒಳಗೆ ಪಸೆ ಕೂರುತ್ತದೆ.

ಮುಂಬಯಿ, ಗೋವಾದವರಿಗೆ

ನೇರವಾಗಿ ಹೇಳುತ್ತೇನೆ, ನಿಮಗೆ ಇದು ಪುಣೆಗಿಂತ ಕಷ್ಟ. ಡಿಸೆಂಬರ್ ಮಧ್ಯಾಹ್ನವೂ ಮುಂಬಯಿಯಲ್ಲಿ 30 ದಾಟುತ್ತದೆ. ಫ್ರಿಜ್ಜಿನ ಅವಧಿಯನ್ನು 10 ವಾರಕ್ಕೆ ಏರಿಸಿ, ಆದರೆ ಹೊರಗೆ ತರುವುದು ಡಿಸೆಂಬರ್ ನಡುವಿಗಿಂತ ತಡವಾಗಬಾರದು. ಜಾಗ ಸಾಲದಿದ್ದರೆ ನಮ್ಮವರ ಹೋಟೆಲುಗಳನ್ನು ನೆನಪಿಸಿಕೊಳ್ಳಿ. ಮಾಟುಂಗದಿಂದ ಡೊಂಬಿವಲಿಯವರೆಗೆ ಇರುವ ಉಡುಪಿ ಹೋಟೆಲುಗಳಲ್ಲಿ ದೊಡ್ಡವಕ್ಕೆ ತರಕಾರಿಯ ಕೋಲ್ಡ್ ರೂಮ್ ಇರುತ್ತದೆ. ಪರಿಚಯದ ಮಾಲೀಕರನ್ನು ಒಂದು ಬುಟ್ಟಿಯಷ್ಟು ಜಾಗ ಕೇಳಿ ನೋಡಿ. ಹಣ್ಣಿನ ಬುಟ್ಟಿಯಿಂದ ದೂರ ಇಡಬೇಕೆಂದು ಅಡುಗೆಯವರಿಗೂ ತಿಳಿಸಿ.

ತಳಿಯಲ್ಲೂ ಒಂದು ಆಯ್ಕೆಯಿದೆ. ಪೂಸಾ ಅಗೇತಿ ಎಂಬುದನ್ನು ಕೃಷಿ ಸಂಶೋಧನಾ ಸಂಸ್ಥೆ ಬೆಟ್ಟದ ಚಳಿಯಿಲ್ಲದೆ ಉತ್ತರದ ಬಯಲಿನಲ್ಲೇ ಬೀಜ ಕಟ್ಟುವಂತೆ ಬೆಳೆಸಿದೆ. ದೆಹಲಿಯ ಬಯಲಿನ ಚಳಿಯೂ ಮುಂಬಯಿಗಿಲ್ಲ, ಆದ್ದರಿಂದ ಫ್ರಿಜ್ಜು ಬಿಡಬೇಡಿ. ಆದರೆ ಚಳಿ ಕಡಿಮೆ ಬೇಡುವ ತಳಿ ನಿಮ್ಮ ಕೈ ಹಿಡಿಯುವ ಸಾಧ್ಯತೆ ಜಾಸ್ತಿ. ಗೋವಾದಲ್ಲಿ ಸಮುದ್ರದ ತೇವದಿಂದ ಬೀಜ ಒಣಗುವುದು ನಿಧಾನ. ಅಲ್ಲಿ ಸಿಲಿಕಾ ಇಲ್ಲದೆ ಬೀಜ ಮುಚ್ಚಿಡಲೇಬೇಡಿ.

ಬಿತ್ತುವ ಮುನ್ನ

ಜೂನ್ ಬರುವ ಮೊದಲು 20 ಬೀಜವನ್ನು ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಐದಾರು ದಿನದಲ್ಲಿ 15ಕ್ಕಿಂತ ಹೆಚ್ಚು ಮೊಳೆತರೆ ಧಾರಾಳವಾಗಿ ಹಂಚಬಹುದು. 10ಕ್ಕಿಂತ ಕಡಿಮೆಯಾದರೆ ದಟ್ಟವಾಗಿ ಬಿತ್ತಿ, ಅದೇ ವರ್ಷ ಮುಗಿಸಿ. ಕಪ್ಪು ಕೊಳೆಯ ಅನುಮಾನ ಸ್ವಲ್ಪವಿದ್ದರೂ ಬಿತ್ತುವ ದಿನ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ ಒಣಗಿಸಿ. ಥರ್ಮಾಮೀಟರ್ ನೋಡುತ್ತಲೇ ಮಾಡಬೇಕು. 55ಕ್ಕೆ ಏರಿದರೆ ಬೀಜ ಸಾಯುತ್ತದೆ, 45ಕ್ಕೆ ಇಳಿದರೆ ರೋಗ ಉಳಿಯುತ್ತದೆ. ಹಳೆಯ ಬೀಜಕ್ಕೆ ಈ ಬಿಸಿ ತಡೆಯುವುದಿಲ್ಲ, ಹೊಸದಕ್ಕೆ ಮಾತ್ರ.

ಪೊಟ್ಟಣದ ಮೇಲೆ ತಳಿ, ಬೀಜ ಎತ್ತಿದ ತಿಂಗಳು, ಎಷ್ಟು ಗಿಡದಿಂದ ಎತ್ತಿದ್ದು, ಮೊಳಕೆಯ ಲೆಕ್ಕ ಇಷ್ಟನ್ನೂ ಬರೆಯಿರಿ. ಊರಿಗೆ ಹೋಗುವಾಗ ಒಂದು ಪೊಟ್ಟಣ ಒಯ್ಯಿರಿ. ಬೆಳಗಾವಿ ಸೀಮೆಯಲ್ಲಿ ಕೋಸು ಬೆಳೆಯುವ ಬಂಧುಗಳಿದ್ದರೆ ಅವರಿಗೆ ಕೊಟ್ಟು, ಹೊಲದಲ್ಲಿ ಹೇಗೆ ಬಂತು ಅಂತ ಕೇಳಿ. ಅವರ ಹೊಲದಲ್ಲಿ ಗಟ್ಟಿಯಾಗಿ ಕಟ್ಟಿದ ನಾಲ್ಕು ಗಡ್ಡೆಯನ್ನು ಬೇರು ಸಮೇತ ತರಿಸಿಕೊಂಡರೆ ಮುಂದಿನ ಅಕ್ಟೋಬರಿನಲ್ಲಿ ನಿಮ್ಮ ಫ್ರಿಜ್ಜಿನ ಗಿಡಗಳ ಸಂಖ್ಯೆ 10-12ಕ್ಕೆ ಏರುತ್ತದೆ.